ಮರಳು

ಹಡಗಿಗೆ ಹದಿನಾಲ್ಕು ಅಂತಸ್ತು.
ನಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ,
ನೀರಿನ ಗೆರೆಗಿಂತ ಕೆಳಗೆ.
ಕಿಟಕಿಯಿಲ್ಲ. ಗೋಡೆಯಾಚೆ ಮೀನು ಹಾಯುತ್ತಿರಬೇಕು,
ಕೇಳುವುದು ಮಾತ್ರ ಯಂತ್ರದ ಹೊಟ್ಟೆಯಲ್ಲಿ
ಟವೆಲುಗಳು ಹೊರಳುವ ಸದ್ದು.

ಯಾವ ಊರು ಬಂತೆಂದು
ಮೈಕಿನಲ್ಲಿ ಕ್ಯಾಪ್ಟನ್ ಹೇಳುವುದು ಮೇಲಿನವರಿಗೆ.
ನನಗೆ ಹೇಳುವುದು ಜರಡಿ.
ಕೊಸುಮೆಲ್‌ನದು ಹಿಟ್ಟಿನಷ್ಟು ನಯ,
ಬೆರಳಿಗೆ ಹತ್ತಿದರೆ ಬಿಡದು.
ಬೆಲೀಜಿನದು ಬೂದು, ಚಿಪ್ಪಿನ ಚೂರು ಜಾಸ್ತಿ,
ಜೊತೆಗೆ ರಮ್ಮಿನ ವಾಸನೆ.
ಕೋಸ್ಟಾ ಮಾಯಾದ ದಿನ ಕೆಲವೊಮ್ಮೆ ಮರಳೇ ಇರುವುದಿಲ್ಲ;
ಸಮುದ್ರ ನೋಡಲು ಹೋದವರು
ಕ್ಲೋರಿನ್ ಕೊಳದಲ್ಲೇ ಕೂತು ಬಂದರೆಂದು ಅರ್ಥ.

ಭಾನುವಾರ ಹೊರಟು ಭಾನುವಾರ ಮುಟ್ಟುವ ಹಡಗು.
ಮೂರು ಸಾವಿರ ಜನ ಇಳಿದು, ಮತ್ತೆ ಮೂರು ಸಾವಿರ
ಹತ್ತುವಷ್ಟರಲ್ಲಿ ಹಾಸಿಗೆಯೆಲ್ಲ ಬಿಳಿ ಆಗಬೇಕು,
ಅಲ್ಲಿ ಯಾರೂ ಎಂದೂ ಮಲಗಿಯೇ ಇರಲಿಲ್ಲವೆನ್ನುವಷ್ಟು.
ಒಮ್ಮೊಮ್ಮೆ ಕೊಳಕು ಬಟ್ಟೆಯ ನಡುವೆ
ಟವೆಲಿನಲ್ಲಿ ಮಡಿಸಿದ ಆನೆ ಸೊಂಡಿಲು ಸಮೇತ ಬರುತ್ತದೆ,
ಬಿಚ್ಚಬಾರದೆಂದು ಯಾವುದೋ ಮಗು ಹಟ ಹಿಡಿದದ್ದು.
ನಾನೇ ಬಿಚ್ಚುತ್ತೇನೆ.

ಬುಧವಾರ ಮಾತ್ರ ನನಗೆ ಜರಡಿ ಬೇಡ.
ಬುಧವಾರ ರೊಆತಾನ್.
ಹಗ್ಗ ಬಿಗಿಯುವಾಗ ನೆಲ ಒಮ್ಮೆ ನಡುಗಿ ನಿಲ್ಲುತ್ತದೆ,
ಆ ನಡುಕ ನನ್ನ ಮೊಣಕಾಲಿಗೆ ಗೊತ್ತು.
ಗೋಡೆಯಾಚೆ, ಮೀನಿನಾಚೆ, ಗುಡ್ಡದ ಬೆನ್ನಿಗೆ
ಪುಂತಾ ಗೋರ್ದಾ, ನಾನು ಹುಟ್ಟಿದ ಓಣಿ.
ವ್ಯಾನಿನಲ್ಲಿ ಮುಕ್ಕಾಲು ಗಂಟೆ.
ಹಡಗು ನಿಲ್ಲುವುದು ಎಂಟು ಗಂಟೆ, ನನ್ನ ಪಾಳಿ ಹತ್ತು.
ಐದು ತಿಂಗಳಲ್ಲಿ ಊರಿಗೆ ಇಪ್ಪತ್ತೆರಡು ಸಲ ಬಂದಿದ್ದೇನೆ,
ಒಂದು ಸಲವೂ ಇಳಿದಿಲ್ಲ.

ಫೋನಿನಲ್ಲಿ ದೊಡ್ಡಮ್ಮ ತೊಮಾಸಾ:
ಬಂದೆಯಾ?
ಬಂದೆ.
ಊಟ?
ಆಯಿತು.
ಮನೆಗೆ ಯಾಕೆ ಬರಲಿಲ್ಲವೆಂದು ಅವಳು ಕೇಳಿದವಳಲ್ಲ.

ಬಸ್ಸಿನಿಂದ ಇಳಿದವರಿಗೆ
ನಮ್ಮವರು ಡೋಲು ಬಡಿದು ಕುಣಿದು ತೋರಿಸುತ್ತಾರೆ.
ಅವಳು ಮರಗೆಣಸು ತುರಿದು, ಹಿಂಡಿ, ಒಣಗಿಸಿ, ಜರಡಿ ಹಿಡಿದು
ಅಗಲ ಹಂಚಿನ ಮೇಲೆ ಹರವಿ ರೊಟ್ಟಿ ಸುಡುತ್ತಾಳೆ.
ತುಂಡಿಗೆ ಒಂದು ಡಾಲರು.
ಎಡಗಣ್ಣಿಗೆ ಪೊರೆ ಬಂದು ಹಂಚಿನ ಆ ಬದಿ ಕಾಣದು,
ಹಾಗಾಗಿ ಅವಳ ರೊಟ್ಟಿ ಎಡಕ್ಕೆ ಸದಾ ಸೀದಿರುತ್ತದೆ.
ದುಂಡು ರೊಟ್ಟಿಗೆ ಎಡ ಯಾವುದು ಬಲ ಯಾವುದೆಂದು ಕೇಳಬೇಡಿ,
ನಮ್ಮ ಮನೆಯವರಿಗೆ ಗೊತ್ತು.

ಹೋದ ಬುಧವಾರ ರಾತ್ರಿ, ಒಂಬತ್ತನೇ ಅಂತಸ್ತಿನ ಚೀಲದಲ್ಲಿ
ಒದ್ದೆ ಟವೆಲಿನ ಸುರುಳಿ. ತೂಕ ಬೇರೆ ಅನ್ನಿಸಿತು.
ಬಿಚ್ಚಿದೆ. ಕಾಗದದ ಕರವಸ್ತ್ರ, ಒಳಗೆ ರೊಟ್ಟಿ.
ಒಂದೇ ಕಚ್ಚು. ಹಲ್ಲಿನ ಗುರುತು ಸಣ್ಣದು,
ಆನೆಯ ಒಡೆಯನದೇ ಇದ್ದರೂ ಇರಬಹುದು.
ರುಚಿಸದೆ, ಎಸೆಯಲು ನಾಚಿ, ಅಡಗಿಸಿದ್ದು.
ಅಂಚು ಸೀದಿತ್ತು.

ಸಿಕ್ಕ ವಸ್ತುವನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು, ನಿಯಮ.
ಉಂಗುರ, ಹಲ್ಲಿನ ಸೆಟ್ಟು, ಪಾಸ್‌ಪೋರ್ಟು,
ಒಮ್ಮೆ ಜೀವಂತ ಏಡಿ. ಅದನ್ನೂ ಬರೆದಿದ್ದೇನೆ.
ಪೆನ್ನು ತೆಗೆದೆ.
ರೊಡೆಲಿಯೊ ನನ್ನ ಮುಖ ನೋಡಿದವನು
ಇಸ್ತ್ರಿಯ ಉರುಳೆಯ ಕಡೆ ತಿರುಗಿ ನಿಂತ.

ಯಂತ್ರದಲ್ಲಿ ನೀರು ಮರಳುತ್ತಿತ್ತು.
ತಿಂದೆ, ಹತ್ತಿದ ಮರಳಿನ ಸಮೇತ.
ಹಲ್ಲಿಗೆ ಕಟಕಟ ಸಿಕ್ಕಿದ್ದು ನಮ್ಮ ಓಣಿಯದೋ,
ಯಾವುದೋ ಹೋಟೆಲಿನ ಮುಂದೆ ಲಾರಿಯಲ್ಲಿ ತಂದು ಸುರಿದದ್ದೋ,
ಬೆರಳಾಗಿದ್ದರೆ ಹೇಳುತ್ತಿತ್ತು. ನಾಲಗೆ ಹೇಳಲಿಲ್ಲ.
ಸೀದ ಅಂಚನ್ನು ಕೊನೆಗೆ ಉಳಿಸಿಕೊಂಡೆ.
ಹುಡುಗನಾಗಿದ್ದಾಗ ಅದನ್ನು ಮುರಿದು
ಯಾರೂ ನೋಡದಂತೆ ನಾಯಿಗೆ ಹಾಕುತ್ತಿದ್ದೆ.

ಬರೆದೆ: ಟವೆಲು, ಒಂದು. ಕಲೆ ಇಲ್ಲ.

ಮೇಲೆಲ್ಲೋ ಬ್ಯಾಂಡು ಶುರುವಾಗಿರಬೇಕು.
ಹಡಗು ಆಗಲೇ ಬೆಲೀಜಿನ ದಾರಿ ಹಿಡಿದಿತ್ತು.
ನಾಳೆ ಜರಡಿಯಲ್ಲಿ ಬೂದು.